ಮುಗಿಲ ಮ್ಯಾಲೆ ಹಿಮ, ಹೊಲದ ಮ್ಯಾಲೆ ಹನಿ
ಹಿಂಗಾರಿನ ಕೊನೇ ಮಳೆಗೆ ಕತ್ತು ಎತ್ತಿ ಕಾಯುವ ಐದು ತಾಲೂಕು

ಶಿಮ್ಲಾ, ಮಸ್ಸೂರಿ ಕಡೆ ಡಿಸೆಂಬರ್ ಬಂತೆಂದರೆ ಅಂಗಡಿಕಾರರಿಗೆ, ಹೋಟೆಲಿನವರಿಗೆ ಒಂದೇ ಚಿಂತೆ. ಈ ಸಲ ಬೀಳುವುದು ಹಿಮವೋ, ಬರೀ ಮಳೆಯೋ? ಒಂದೆರಡು ಡಿಗ್ರಿ ಚಳಿ ಹೆಚ್ಚಾದರೆ ಹಿಮ, ಕಮ್ಮಿಯಾದರೆ ಕೆಸರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಮಂದಿಗೂ ಅದೇ ಹೊತ್ತಿಗೆ ಅದೇ ಜಾತಿಯ ಚಿಂತೆ ಹತ್ತುತ್ತದೆ. ಇಲ್ಲಿನ ಪ್ರಶ್ನೆ ಮಾತ್ರ ಬೇರೆ. ಈಗ ಕವಿದಿರುವುದು ಮಳೆಯ ಮೋಡವೋ, ಬರೀ ಬೂದಿ ಮೋಡವೋ?

ಹಿಮದ ಆಸೆ ಇಲ್ಲಿ ಯಾರಿಗೂ ಇಲ್ಲ ಬಿಡಿ. ಬಿಳಿ ಬೀಳುವುದನ್ನು ಈ ಸೀಮೆ ಕಂಡಿದ್ದರೆ ಅದು ಬೇಸಿಗೆಯ ಆಲಿಕಲ್ಲಿನಲ್ಲಿ, ಇಲ್ಲವೇ ಚಳಿಗಾಲದ ಬೆಳಗಿನ ಇಬ್ಬನಿಯಲ್ಲಿ. ಆದರೆ ನವೆಂಬರ್ ಎರಡನೇ ವಾರದಿಂದ ಡಿಸೆಂಬರ್ ಮುಗಿಯುವ ತನಕ ಬಸ್ ಸ್ಟ್ಯಾಂಡಿನ ಚಹಾದ ಅಂಗಡಿ, ಗೊಬ್ಬರದ ಅಂಗಡಿ ಕಟ್ಟೆ, ಕೊಟ್ಟೂರಿನ ಎಪಿಎಂಸಿ ಅಂಗಳ ಎಲ್ಲಿ ನೋಡಿದರೂ ಹವಾಮಾನ ಇಲಾಖೆಯ ಶಾಖೆ ತೆರೆದಿರುತ್ತದೆ. ಒಬ್ಬರ ಕೈಯಲ್ಲಿ ಪಂಚಾಂಗ, ಪಕ್ಕದವರ ಕೈಯಲ್ಲಿ ಮೊಬೈಲು. ಮೊಬೈಲಿನಲ್ಲಿ ಬಂಗಾಳಕೊಲ್ಲಿಯ ಮೇಲೆ ಕೆಂಪು-ಹಳದಿ ಚಕ್ರ ತಿರುಗುತ್ತಿರುತ್ತದೆ. "ಮೂಡಗಾಳಿ ಬಿಟ್ಟೈತಿ, ಬಂದಾ ಬರ್ತೈತಿ" ಎನ್ನುವುದು ಒಂದು ಪಕ್ಷ. "ಥಂಡಿ ಬಿತ್ತು ಅಂದ್ರ ಮಳಿ ಕತಿ ಮುಗೀತು ತಗೀರಿ" ಎನ್ನುವುದು ಇನ್ನೊಂದು ಪಕ್ಷ. ಚುನಾವಣೆ ಇಲ್ಲದ ವರ್ಷ ಈ ಎರಡು ಪಕ್ಷಗಳದ್ದೇ ಜಗಳ.

ಲೆಕ್ಕ ಹಿಡಿಯುವವರಿಗೆ ತಿಂಗಳು ಬೇಕಿಲ್ಲ, ಮಳೆ ನಕ್ಷತ್ರ ಸಾಕು. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಅಕ್ಟೋಬರ್ 10-11ರ ಸುಮಾರಿಗೆ ಚಿತ್ತಿ ಹುಟ್ಟುತ್ತದೆ, 24ಕ್ಕೆ ಸ್ವಾತಿ, ನವೆಂಬರ್ 6ಕ್ಕೆ ವಿಶಾಖೆ, 19-20ಕ್ಕೆ ಅನುರಾಧೆ, ಡಿಸೆಂಬರ್ 2-3ಕ್ಕೆ ಜ್ಯೇಷ್ಠೆ, ಅರ್ಧ ಡಿಸೆಂಬರ್‌ಗೆ ಮೂಲೆ. ಚಿತ್ತಿಯನ್ನು ಹಳಬರು ಕುರುಡು ಚಿತ್ತಿ ಅನ್ನುತ್ತಾರೆ. ಕಣ್ಣಿಲ್ಲದವರು ಬೀಜ ಎರಚಿದ ಹಾಗೆ, ಒಂದು ಹೊಲಕ್ಕೆ ಬಿದ್ದು ಬದುವಿನಾಚೆಯ ಹೊಲ ಒಣಗಿಸಿ ಹೋಗುತ್ತದೆ. ಸ್ವಾತಿಯ ತನಕ ಭರವಸೆ ಇರುತ್ತದೆ. ವಿಶಾಖೆ ದಾಟಿದ ಮೇಲೆ ಬರುವುದೆಲ್ಲ ದೇವರು ಕೊಟ್ಟ ಕೊಸರು. ಆ ಕೊಸರಿನ ಕತೆಯೇ ಇದು.

ಕೊಸರು ಯಾಕೆಂದರೆ ಭೂಗೋಳ ಹಾಗಿದೆ. ಮುಂಗಾರು ಹಿಂದೆ ಸರಿದ ಮೇಲೆ ಗಾಳಿ ಈಶಾನ್ಯದಿಂದ ಬೀಸತೊಡಗುತ್ತದೆ. ಬಂಗಾಳಕೊಲ್ಲಿಯ ನೀರು ಹೊತ್ತು ತಮಿಳುನಾಡು, ದಕ್ಷಿಣ ಆಂಧ್ರದ ದಂಡೆಗೆ ಸುರಿಯುತ್ತದೆ. ಕೂಡ್ಲಿಗಿಯಿಂದ ನೆಲ್ಲೂರು ದಂಡೆಗೆ ನೇರ ಗೆರೆ ಎಳೆದರೆ ನಾನೂರು ಕಿಲೋಮೀಟರ್ ಹತ್ತಿರ. ನಡುವೆ ಪೂರ್ವಘಟ್ಟದ ಗುಡ್ಡಸಾಲು, ಅದರ ಈಚೆಗೆ ರಾಯಲಸೀಮೆಯ ಒಣ ಬಯಲು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಈ ತಾಲೂಕುಗಳಿಗೆ ಹಿಂಗಾರಿನ ಪಾಲು ಬಹುತೇಕ ಅಕ್ಟೋಬರಿನಲ್ಲೇ ಮುಗಿದಿರುತ್ತದೆ. ಆಮೇಲೆ ಬರಬೇಕೆಂದರೆ ಕೊಲ್ಲಿಯಲ್ಲಿ ವಾಯುಭಾರ ಕುಸಿದು, ಅದು ಚಂಡಮಾರುತವಾಗಿ, ದಂಡೆ ಹತ್ತಿ, ಸತ್ತು, ಅದರ ಹೆಣ ಪಡುವಣಕ್ಕೆ ತೇಲಿಬರಬೇಕು. ಬಡಗಣಕ್ಕೆ ತಿರುಗಿಕೊಂಡರೆ ಇಲ್ಲಿಗೆ ಗಾಳಿಯೂ ಇಲ್ಲ.

2023ರಲ್ಲಿ ಆದದ್ದು ಅದೇ. ಡಿಸೆಂಬರ್ ಮೊದಲ ವಾರ ಮಿಚಾಂಗ್ ಎಂಬುದು ಬಂತು. ಹೆಸರು ಬರ್ಮಾದವರು ಇಟ್ಟದ್ದು. ಚೆನ್ನೈಯನ್ನು ಮುಳುಗಿಸಿ, ದಂಡೆ ಸವರಿಕೊಂಡು ಮೇಲಕ್ಕೆ ಹೋಗಿ 5ನೇ ತಾರೀಕು ಆಂಧ್ರದ ಬಾಪಟ್ಲ ಬಳಿ ನೆಲ ಹತ್ತಿತು. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತ್ತು. ಅಲ್ಲಿ ರಸ್ತೆಯ ಮೇಲೆ ದೋಣಿ ಓಡಿದವು, ಇಲ್ಲಿ ಹೊಲ ಬಿರುಕು ಬಿಟ್ಟುಕೊಂಡೇ ಇತ್ತು. ಮರುವರ್ಷ ನವೆಂಬರ್ 30ರ ರಾತ್ರಿ ಫೆಂಗಲ್ ಪುದುಚೇರಿ ಬಳಿ ದಂಡೆ ಹತ್ತಿತು. ಅದು ಪಡುವಣದ ದಾರಿ ಹಿಡಿದು, ರಾಜ್ಯದ ಮೇಲೆಲ್ಲ ಮೋಡ ಹಾಸಿ, ಕರಾವಳಿ ದಾಟಿ ಅರಬ್ಬಿ ಸಮುದ್ರಕ್ಕೆ ಇಳಿಯಿತು. ದಾರಿ ಒಂದೆರಡು ಡಿಗ್ರಿ ಆಚೀಚೆ ಆದರೆ ಐದು ತಾಲೂಕಿನ ಹಣೆಬರಹ ಆಚೀಚೆ.

ಗುಡಿ ಕಟ್ಟಿದ ಚಂದ್ರಾಮ

ಮೊಬೈಲು ಬರುವ ಮುಂಚೆ ಜನ ಏನು ನೋಡುತ್ತಿದ್ದರು? ಈಗಲೂ ಅದನ್ನೇ ನೋಡುತ್ತಾರೆ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ. ಇರುವೆ ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತುವುದು, ಗುಬ್ಬಿ ಮಣ್ಣಿನಲ್ಲಿ ಹೊರಳುವುದು, ಉಪ್ಪಿನ ಡಬ್ಬಿ ಒದ್ದೆಯಾಗುವುದು. ಕಿರಾಣಿ ಅಂಗಡಿಯವರಿಗೆ ಬೆಲ್ಲದ ಪೆಂಟೆಯೇ ವಾಯುಮಾಪಕ. ಬೆಲ್ಲ ಜಿನುಗಿತೆಂದರೆ ಗಾಳಿಯಲ್ಲಿ ನೀರು ಸೇರಿದೆ ಎಂದೇ ಅರ್ಥ.

ಇವುಗಳಲ್ಲಿ ಮೇಲಿನ ಪಂಕ್ತಿಯದು ಚಂದ್ರನ ಸುತ್ತಿನ ಗುಡಿ. ತಿಳಿ ರಾತ್ರಿಯಲ್ಲಿ ಚಂದ್ರನ ಸುತ್ತ ಬಿಳಿ ಬಳೆ ಬಿದ್ದರೆ 'ಚಂದ್ರಾಮ ಗುಡಿ ಕಟ್ಯಾನ' ಎನ್ನುತ್ತಾರೆ. ಲೆಕ್ಕ ಹೀಗೆ: ಗುಡಿ ಸನಿಹ ಇದ್ದರೆ ಮಳೆ ದೂರ, ಗುಡಿ ದೂರ ಇದ್ದರೆ ಮಳೆ ಸನಿಹ. ಓದಿದವರು ಇದನ್ನು ಕೇಳಿ ನಗುವುದುಂಟು. ನಗಬೇಕಾಗಿಲ್ಲ. ಚಂದ್ರನಿಗೆ ಅಂಟಿಕೊಂಡ ಹಾಗೆ ಕಾಣುವ ಸಣ್ಣ ಬಳೆ ತೆಳು ಮೋಡದ ನೀರಿನ ಹನಿಗಳಿಂದ ಆದದ್ದು. ಅದು ಇಂದು ಬಂದು ನಾಳೆ ಚದುರುವ ಮೋಡ. ದೂರದಲ್ಲಿ ನಿಲ್ಲುವ ದೊಡ್ಡ ಬಳೆ ಹಾಗಲ್ಲ. ಅದು ಚಂದ್ರನಿಂದ ಲೆಕ್ಕ ಇಟ್ಟಂತೆ 22 ಡಿಗ್ರಿ ದೂರದಲ್ಲೇ ನಿಲ್ಲುತ್ತದೆ. ಕೈ ಚಾಚಿ ಹಸ್ತ ಅಗಲಿಸಿದರೆ ಹೆಬ್ಬೆರಳಿನಿಂದ ಕಿರುಬೆರಳಿನಷ್ಟು. ಅದನ್ನು ಕಟ್ಟುವುದು ನೀರಲ್ಲ, ಮಂಜುಗಡ್ಡೆಯ ಹರಳು. ಬಹು ಎತ್ತರದಲ್ಲಿ ಹಾಸಿಕೊಂಡ ಹಿಮದ ಮೋಡದೊಳಗೆ ಬೆಳದಿಂಗಳು ಹೊಕ್ಕು, ಆರು ಮೂಲೆಯ ಹರಳುಗಳಲ್ಲಿ ಬಾಗಿ ಬರುವುದರಿಂದ ಆಗುವ ಬಳೆ ಅದು. ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಅದರ ನೆತ್ತಿಯಿಂದ ಇಂಥ ಹಿಮದ ಮೋಡ ನೂರಾರು ಮೈಲಿ ಮುಂದಾಗಿ ಚಾಚಿಕೊಳ್ಳುತ್ತದೆ. ಅಂದರೆ ದೊಡ್ಡ ಗುಡಿ ಕಂಡ ಮೇಲೆ ಒಂದೆರಡು ದಿನದಲ್ಲಿ ಹಿಂದಿನ ದಿಬ್ಬಣ ಬರುವ ಸಂಭವ ಉಂಟು. ಬಂದೇ ಬರುತ್ತದೆಂದಲ್ಲ. ಹವಾಮಾನ ಇಲಾಖೆಯೂ 'ಸಂಭವ' ಎಂದೇ ಬರೆಯುವುದು.

ಹಾಗೆ ನೋಡಿದರೆ ಹಿಮ ಇಲ್ಲಿಗೂ ಬೀಳುತ್ತದೆ, ನೆಲ ಮುಟ್ಟುವುದಿಲ್ಲ. ಈ ಸೀಮೆಯ ಮೇಲೆ ನಾಲ್ಕೂವರೆ, ಐದು ಕಿಲೋಮೀಟರ್ ಏರಿದರೆ ಶೂನ್ಯ ಡಿಗ್ರಿ. ಅದಕ್ಕಿಂತ ಎತ್ತರಕ್ಕೆ ಬೆಳೆದ ಮೋಡದಲ್ಲಿ ಹನಿ ಹೆಚ್ಚಾಗಿ ಹಿಮವಾಗಿಯೇ ಹುಟ್ಟುತ್ತದೆ. ಕೆಳಗಿಳಿಯುತ್ತ ಕರಗಿ ಮಳೆಯಾಗುತ್ತದೆ. ಕೊಟ್ಟೂರಿನ ಮಿರ್ಚಿ ಅಂಗಡಿಯ ತಗಡಿನ ಮೇಲೆ ಪಟಪಟ ಎನ್ನುವ ಹನಿ ಅರ್ಧ ತಾಸಿನ ಹಿಂದೆ ಹಿಮದ ಹಳಕು ಆಗಿತ್ತು ಅಂದರೆ ನಂಬುವವರು ಕಡಿಮೆ. ಕರಗದೆ, ಮೋಡದೊಳಗೇ ಮೇಲೆ ಕೆಳಗೆ ಉರುಳಾಡಿ ಗಡ್ಡೆ ಕಟ್ಟಿ ಬಂದರೆ ಆಲಿಕಲ್ಲು. 2014ರ ಫೆಬ್ರವರಿ-ಮಾರ್ಚ್‌ನಲ್ಲಿ ಮಹಾರಾಷ್ಟ್ರ, ಉತ್ತರ ಕರ್ನಾಟಕದ ಹೊಲಗಳು ಬೆಳ್ಳಗಾದದ್ದು ಆ ಕಲ್ಲಿನಿಂದ. ನಿಂತ ಜೋಳ, ಬಿಟ್ಟ ದ್ರಾಕ್ಷಿ ಎರಡೂ ನೆಲಕಚ್ಚಿದವು.

ಒಂದೇ ಮಳೆ, ಎರಡು ಮನೆ

ಈ ಕೊಸರು ಮಳೆ ಬರಲಿ ಎಂದು ಎಲ್ಲರೂ ಕೈಮುಗಿಯುತ್ತಾರೆ ಎಂದುಕೊಂಡರೆ ತಪ್ಪು. ಇಲ್ಲೇ ಇರುವುದು ಕುತ್ತು.

ಎರೆ ಹೊಲದವರನ್ನು ಕೇಳಿ. ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಕಡಲೆ ಅದರ ಹಿಂದೆಯೇ. ಬಿತ್ತಿದ ಮೇಲೆ ಬೆಳೆ ಬದುಕುವುದು ನೆಲದೊಳಗಿನ ಹಸಿಯ ಮೇಲೆ, ಮೇಲಿಂದ ಇಬ್ಬನಿ. ಮಣ್ಣು ಬಾಯಿ ಬಿಡುವ ಹೊತ್ತಿಗೆ, ಜೋಳ ಹೊಡೆ ಹಿರಿಯುವ ಮುಂಚೆ ಒಂದು ಹದ ಮಳೆ ಬಿತ್ತೆಂದರೆ ಮನೆಗೆ ರೊಟ್ಟಿ, ದನಕ್ಕೆ ಸೊಪ್ಪೆ ಎರಡೂ ಆಯಿತು. ಎಳ್ಳಮಾಸಿಗೆ ಚರಗ ಚೆಲ್ಲುವಾಗ ಮೊಗದಲ್ಲಿ ನಗೆ ಇರುತ್ತದೆ. ಬೀಳಲಿಲ್ಲ ಅಂದರೆ ತೆನೆ ಬರೀ ಗರಿ, ಕಾಳು ಸಣ್ಣ.

ಅದೇ ದಿನ ಹರಪನಹಳ್ಳಿ, ಹಡಗಲಿ ಕಡೆ ರಸ್ತೆ ನೋಡಿ. ಅರ್ಧ ಟಾರು ಬಸ್ಸಿಗೆ, ಅರ್ಧ ಟಾರು ಮೆಕ್ಕೆಜೋಳಕ್ಕೆ. ಬಸ್ಸಿನಲ್ಲಿ ಕೂತವರು ಬೈದುಕೊಳ್ಳುವುದು ಸರಿಯೇ, ರಾತ್ರಿ ಅದರ ಅಂಚಿಗೆ ಇಟ್ಟ ಕಲ್ಲಿಗೆ ಬೈಕು ಗುದ್ದಿ ಬಿದ್ದವರೂ ಇದ್ದಾರೆ. ಆದರೆ ಕಣ ಮಾಡಲು ಜಾಗವಿಲ್ಲದವರು ಎಲ್ಲಿ ಒಣಗಿಸಬೇಕು? ಕಾಳಿನಲ್ಲಿ ತೇವ ನೂರಕ್ಕೆ 14 ದಾಟಿದರೆ ಖರೀದಿ ಕೇಂದ್ರದಲ್ಲಿ ಬೇಡ ಅನ್ನುತ್ತಾರೆ, ದಲಾಲಿ ಅಂಗಡಿಯಲ್ಲಿ ಸೂಟು ಹಿಡಿಯುತ್ತಾರೆ. ಒಂದು ರಾತ್ರಿ ನೆನೆದರೆ ಬೂಸಲು, ಎರಡು ರಾತ್ರಿ ನೆನೆದರೆ ಮೊಳಕೆ. 2021ರ ನವೆಂಬರ್ ನೆನಪಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವತ್ತು ಒಂದರ ಹಿಂದೆ ಒಂದು ವಾಯುಭಾರ ಕುಸಿತ ಬಂದು ರಾಜ್ಯದ ತುಂಬ ಕೊಯ್ದ ರಾಗಿ, ಭತ್ತ, ಮೆಕ್ಕೆಜೋಳ ಹೊಲದಲ್ಲೇ ಚಿಗುರಿದವು. 2025ರ ನವೆಂಬರಿನಲ್ಲಿ ಕಾಳು ಒಣಗಿದ್ದರೂ ಬೆಲೆ ಒಣಗಿತ್ತು. ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಎಂದು ಕಾಗದದಲ್ಲಿ, ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ. ಬೆಲೆ ಏರಲಿ ಎಂದು ರಾಶಿ ಹಿಡಿದಿಟ್ಟುಕೊಂಡವರಿಗೆ ಒಂದೊಂದು ಮೋಡವೂ ಸಾಲಗಾರ ಬಾಗಿಲಿಗೆ ಬಂದಂತೆ.

ಕೂಡ್ಲಿಗಿಯ ಕೆಂಪು ಮಸಾರಿಯಲ್ಲಿ ಕಿತ್ತ ಶೇಂಗಾ ಬಣವೆಗೂ ಇದೇ ಗತಿ. ಬಾಯಿ ಬಿಟ್ಟ ಹತ್ತಿಗೆ ಹನಿ ತಾಗಿದರೆ ಬಣ್ಣ ಹೋಯಿತು, ದರ ಹೋಯಿತು. ಈರುಳ್ಳಿಯ ಮಾತು ಬೇಡವೇ ಬೇಡ.

ಹೀಗಾಗಿ ಒಂದೇ ಮನೆಯಲ್ಲಿ ಮೂಡಣ ಹೊಲದ ಕಡಲೆಗೆ ಮಳೆ ಬೇಕು, ಪಡುವಣ ಹೊಲದಿಂದ ತಂದ ರಾಶಿಗೆ ಮಳೆ ಬೇಡ. ಅಪ್ಪ ಮುಗಿಲಿಗೆ ಕೈಮುಗಿದರೆ ಮಗ ತಾಡಪಾಲಿಗೆ ಓಡುತ್ತಾನೆ. ಇಡೀ ಸೀಮೆಯಲ್ಲಿ ಪಕ್ಷಭೇದವಿಲ್ಲದ ಹವಾಮಾನ ತಜ್ಞ ಯಾರಾದರೂ ಇದ್ದರೆ ಅದು ತಾಡಪಾಲು ಮಾರುವ ಅಂಗಡಿ. ಕೊಲ್ಲಿಯಲ್ಲಿ ಸುಳಿ ಎದ್ದ ಸುದ್ದಿ ಟಿ.ವಿ.ಯಲ್ಲಿ ಬಂದ ಸಂಜೆ ಅಲ್ಲಿ ಜನ ಸೇರಿದರೆ ಊರು ಮಳೆಯನ್ನು ನಂಬಿದೆ ಎಂದರ್ಥ. ಖಾಲಿ ಇದ್ದರೆ, ಬಾಯಲ್ಲಿ ಏನೇ ಹೇಳಲಿ, ಯಾರೂ ನಂಬಿಲ್ಲ.

ಇವೆರಡಕ್ಕಿಂತ ಕೆಟ್ಟದ್ದು ಮೂರನೆಯದು. ಮೋಡ ಕವಿದು ಎರಡು ಮೂರು ದಿನ ನಿಂತು, ಹನಿ ಹಾಕದೆ ಹೋಗುವುದು. ತೊಗರಿ ಹೂ ಉದುರುತ್ತದೆ. ಕಡಲೆಗೆ ಕಾಯಿಕೊರಕ ಹುಳ ಬೀಳುತ್ತದೆ. ಕಡಲೆಯ ಎಲೆ ಮೇಲೆ ಹುಳಿ ಇರುತ್ತದೆ, ಹೊಲದಲ್ಲಿ ಓಡಾಡಿದವರ ಕಾಲಿಗೆ ಉರಿ ಹತ್ತುವುದು ಅದಕ್ಕೇ. ಹಿಂದಿನವರು ರಾತ್ರಿ ಗಿಡದ ಮೇಲೆ ಬಟ್ಟೆ ಹಾಸಿ, ಬೆಳಗಿನ ಇಬ್ಬನಿಯಲ್ಲಿ ನೆನೆದದ್ದನ್ನು ಹಿಂಡಿ ಹೊಟ್ಟೆನೋವಿಗೆ ಇಟ್ಟುಕೊಳ್ಳುತ್ತಿದ್ದರು. ಆ ಹುಳಿಯೇ ಗಿಡಕ್ಕೆ ಅಷ್ಟಿಷ್ಟು ಕಾವಲು. ತುಂತುರು ಮಳೆ ಅದನ್ನು ತೊಳೆಯುತ್ತದೆ, ಬೇರಿಗೆ ಮಾತ್ರ ಇಳಿಯುವುದಿಲ್ಲ. ನೀರೂ ಇಲ್ಲ, ಕಾವಲೂ ಇಲ್ಲ, ಔಷಧಿ ಅಂಗಡಿಯ ಉದ್ದರಿ ಮಾತ್ರ ಬೆಳೆಯುತ್ತದೆ.

ಎರಡೂವರೆ ಮಿಲಿಮೀಟರ್

ಹಾಗಾದರೆ ಮಳೆ ಬಂತು ಎನ್ನುವುದು ಯಾವಾಗ? ಹವಾಮಾನ ಇಲಾಖೆಯ ಕಾನೂನು ಇದೆ. ದಿನಕ್ಕೆ 2.5 ಮಿಲಿಮೀಟರ್ ಬಿದ್ದರೆ ಅದು ಮಳೆಯ ದಿನ. 2.4 ಬಿದ್ದರೆ ಅಲ್ಲ. 2.4ರ ತನಕ 'ಅತಿ ಹಗುರ', 2.5ರಿಂದ 15.5ರ ತನಕ 'ಹಗುರ'. ಅಂಗಡಿ ಲೆಕ್ಕಕ್ಕೆ ಇಳಿಸಿದರೆ, ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ನಾಲ್ಕು ಸಾವಿರ ಲೀಟರ್ ನೀರು. ಎರಡೂವರೆ ಮಿಲಿಮೀಟರ್ ಎಂದರೆ ಐದು ಸಾವಿರ ಲೀಟರಿನ ಎರಡು ಟ್ಯಾಂಕರ್. ಎಕರೆಗೆ ಎರಡು ಟ್ಯಾಂಕರ್ ಚಿಮುಕಿಸಿದರೆ ಧೂಳು ಅಡಗುತ್ತದೆ, ಬೆಳೆ ಏಳುವುದಿಲ್ಲ. ಜೋಳ ಕೇಳುವುದು ಇಪ್ಪತ್ತು ಟ್ಯಾಂಕರು.

ರೇಡಿಯೋ, ಟಿ.ವಿ.ಯಲ್ಲಿ ಕೇಳುವ ಮಾತಿಗೂ ಅರ್ಥ ಬೇರೆ ಇದೆ. 'ಒಂದೆರಡು ಕಡೆ ಮಳೆ' ಎಂದರೆ ಆ ಪ್ರದೇಶದ ಮಳೆ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗಕ್ಕೆ. 'ಕೆಲವು ಕಡೆ' ಎಂದರೆ ಅರ್ಧದ ತನಕ. 'ಹಲವು ಕಡೆ' ಎಂದರೆ ಮುಕ್ಕಾಲು. ಕೇಳಿದವರು ಮಾತ್ರ ಮಳೆ ಎಂಬ ಶಬ್ದ ಒಂದನ್ನೇ ಹಿಡಿದು, ತಮ್ಮ ಹೊಲಕ್ಕೆ ಬೀಳದಿದ್ದರೆ ಇಲಾಖೆಯ ವಂಶ ಜಾಲಾಡುತ್ತಾರೆ.

ಇನ್ನೊಂದು ಮೋಜು. ಮಾತು ನೋಡಿದರೆ ಉತ್ತರದ್ದು, ಊಟ ಉತ್ತರದ್ದು, 371(ಜೆ) ಲೆಕ್ಕದಲ್ಲಿ ಕಲ್ಯಾಣ ಕರ್ನಾಟಕ. ಆದರೆ ಕೇಂದ್ರ ಹವಾಮಾನ ಇಲಾಖೆಯ ಪಟ್ಟಿಯಲ್ಲಿ ಬಳ್ಳಾರಿಯೂ ವಿಜಯನಗರವೂ 'ದಕ್ಷಿಣ ಒಳನಾಡು'! ಉತ್ತರ ಒಳನಾಡಿನ ಮುನ್ಸೂಚನೆ ಕೇಳಿ ಕಾದು ಕೂತವರು ಬೀದರ್, ಕಲಬುರಗಿಯ ಮಳೆಗೆ ಕಾದಂತಾಯಿತು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಬಂದು, 2021ರಲ್ಲಿ ಉಳಿದ ನಾಲ್ಕರ ಜೊತೆ ವಿಜಯನಗರ ಜಿಲ್ಲೆ ಸೇರಿತು. ಇಷ್ಟು ಸಲ ಊರು ಬದಲಿಸಿದರೂ ಮೋಡ ಮಾತ್ರ ಹಳೇ ವಿಳಾಸಕ್ಕೇ ಬರುತ್ತದೆ, ಇಲ್ಲವೇ ಬರುವುದಿಲ್ಲ.

ಮಿಲಿಮೀಟರಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆಂದರೆ ಅದರ ಬೆನ್ನಿಗೆ ದುಡ್ಡಿದೆ. ಮದ್ರಾಸ್ ಸರ್ಕಾರದ ಕಾಲದಲ್ಲಿ ತಾಲೂಕು ಕಚೇರಿ ಅಂಗಳದ ಒಂದು ಮಳೆಮಾಪಕವೇ ಇಡೀ ತಾಲೂಕಿಗೆ ಸಾಕ್ಷಿ. 1988ರಲ್ಲಿ ಕರ್ನಾಟಕ ಬರ ನಿಗಾ ಘಟಕ ಕಟ್ಟಿತು. ಅದೇ ಬೆಳೆದು ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗೊಂದು ಮಳೆಮಾಪಕ ತಾನೇ ತಾನಾಗಿ ಲೆಕ್ಕ ಕಳಿಸುತ್ತದೆ. ದಾಳಿಂಬೆಯಂಥ ತೋಟದ ಬೆಳೆಗೆ ಹವಾಮಾನ ಆಧಾರಿತ ವಿಮೆ ಕಟ್ಟಿದವರಿಗೆ ದುಡ್ಡು ಬರುವುದು, ಬಿಡುವುದು ಇಂಥ ಮಾಪಕದ ಅಂಕಿ ಮೇಲೆ. ಮಾಪಕದ ಮೇಲೆ ಬಿದ್ದು ಹೊಲಕ್ಕೆ ಬೀಳದಿದ್ದರೆ? ಕುರುಡು ಚಿತ್ತಿಗೆ ಪಂಚಾಯಿತಿ ಗಡಿ ಗೊತ್ತಿಲ್ಲ.

ಬರದ ಲೆಕ್ಕವೂ ಹೀಗೇ. ಕೇಂದ್ರದ 2016ರ ಬರ ಕೈಪಿಡಿ ಪ್ರಕಾರ ಮೂರು ನಾಲ್ಕು ವಾರ ಸತತವಾಗಿ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದರೆ ಅದು ಒಣ ಅವಧಿ. ಡಿಸೆಂಬರಿನಲ್ಲಿ ಇಲ್ಲಿನ ವಾಡಿಕೆಯೇ ಚೂರುಪಾರು. ಆಗ ಒಂದು ಜಿಟಿಜಿಟಿ ಸಂಜೆ ಸಾಕು, ಕಾಗದದ ಮೇಲಿನ ಒಣ ಅವಧಿ ಮುರಿಯಲು. ಹೊಲ ಒಣಗಿಯೇ ಇರುತ್ತದೆ, ಕಡತ ಹಸಿಯಾಗಿರುತ್ತದೆ. ಇದು ಯಾರದೋ ಕಿಡಿಗೇಡಿತನ ಅಲ್ಲ, ಮಳೆಗಾಲಕ್ಕೆ ಹೊಲಿಸಿದ ಅಂಗಿಯನ್ನು ಚಳಿಗಾಲಕ್ಕೆ ತೊಡಿಸಿದ್ದರ ಫಲ. ಹಿಂಗಾರಿ ಬೆಳೆಗೆ ನೆಲದ ಹಸಿ ಅಳೆದರೆ ನ್ಯಾಯ ಹತ್ತಿರ ಬಂದೀತು. ಕೈಪಿಡಿಯಲ್ಲಿ ಮಣ್ಣಿನ ತೇವದ ಮಾತೂ ಇದೆ. ಆದರೂ ಮೊದಲು ನೋಡುವುದು ಮಳೆಯ ಅಂಕಿಯನ್ನೇ.

ಹಿಂಗಾರು ಕೈಕೊಟ್ಟರೆ ಏನಾಗುತ್ತದೆ ಎನ್ನುವುದು ಈ ಸೀಮೆಗೆ ಪುಸ್ತಕ ಓದಿ ತಿಳಿಯಬೇಕಾದ ಸಂಗತಿಯಲ್ಲ. 1876ರಲ್ಲಿ ಮುಂಗಾರಿನ ಹಿಂದೆ ಹಿಂಗಾರೂ ಹೋಯಿತು. ಮುಂದಿನ ಎರಡು ವರ್ಷದ ಧಾತು-ಈಶ್ವರ ಬರದಲ್ಲಿ ಮದ್ರಾಸ್ ಪ್ರಾಂತದಲ್ಲೇ ಬಹಳ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು, ಈ ಊರುಗಳೆಲ್ಲ ಅದರ ಹೊಟ್ಟೆಯಲ್ಲೇ ಇದ್ದವು.

ಬಿಲ್ಲಿನ ಮೇಲಿನ ಮಾತು

ಉಪಗ್ರಹ ಏನೇ ಹೇಳಲಿ, ಹಡಗಲಿ ತಾಲೂಕಿನ ಮೈಲಾರದ ಮಾತು ಕೇಳದೆ ವರ್ಷದ ಲೆಕ್ಕ ಮುಗಿಯುವುದಿಲ್ಲ. ಭರತ ಹುಣ್ಣಿಮೆ ಜಾತ್ರೆಯಲ್ಲಿ ಡೆಂಕನಮರಡಿಯ ಬಯಲಿಗೆ ಲಕ್ಷಗಟ್ಟಲೆ ಮಂದಿ. ಉಪವಾಸವಿದ್ದ ಗೊರವಪ್ಪ ಬಿಲ್ಲು ಏರಿ 'ಸದ್ದಲೇ' ಎಂದರೆ ಅಷ್ಟೂ ಮಂದಿ ಗಪ್‌ಚಿಪ್. ಒಂದು ಸಾಲು ನುಡಿದು ಕೆಳಕ್ಕೆ ಬೀಳುತ್ತಾನೆ. ಆ ಒಂದು ಸಾಲಿಗೆ ವರ್ಷವಿಡೀ ಅರ್ಥ. 2023ರಲ್ಲಿ ಅಂಬಲಿ ಹಳಸುವ, ಕಂಬಳಿ ಬೀಸುವ ಮಾತು ಬಂತು. ರಾಜಕೀಯದವರು ಅದರಲ್ಲಿ ಕುರ್ಚಿ ಕಂಡರು, ಕುರುಬರು ಕಂಬಳಿ ಕಂಡರು, ರೈತರು ಮಳೆ ಕಂಡರು. ಮಳೆ ಬರಲಿಲ್ಲ. 2025ರಲ್ಲಿ ತುಂಬಿದ ಕೊಡ ತುಳುಕುವ ಮಾತು. ಆ ವರ್ಷ ತುಂಗಭದ್ರೆಗೆ ನೀರು ಬೇಗ ಬಂತು. ಹಿಂಗಾರಿಗೆ ಇನ್ನೂ ಹತ್ತಿರದ ಮಾತು ಬೇಕೆನ್ನುವವರು ನದಿಯಾಚೆ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದ ದಸರೆ ಕಾರ್ಣಿಕಕ್ಕೆ ಕಿವಿ ಕೊಡುತ್ತಾರೆ. ಕಾರ್ಣಿಕದಲ್ಲಿ ಮಿಲಿಮೀಟರ್ ಇರುವುದಿಲ್ಲ, ಅದೇ ಅದರ ಬಲ.

ಹಡಗಲಿಯ ಹೂವಿನವರ ಲೆಕ್ಕ ಇವೆಲ್ಲಕ್ಕೂ ಹೊರಗೆ. ಭೌಗೋಳಿಕ ಗುರುತು ಪಡೆದ ಅಲ್ಲಿನ ಮಲ್ಲಿಗೆಗೆ ಚಳಿ ಎಂದರೆ ಆಗದು. ಥಂಡಿ ಏರಿದಂತೆ ಮೊಗ್ಗು ಇಳಿಯುತ್ತದೆ, ಮೊಳದ ದರ ಏರುತ್ತದೆ. ಮೋಡ ಮುಚ್ಚಿದ ರಾತ್ರಿ ಚಳಿ ತಗ್ಗುತ್ತದೆಂದು ಅವರಿಗೆ ಮೋಡವೇ ಇಷ್ಟ, ಮಳೆ ಬಂದರೂ ಸರಿ ಬರದಿದ್ದರೂ ಸರಿ.

ಡಿಸೆಂಬರ್ 28ರ ಸುಮಾರಿಗೆ ಮೂಲೆ ಮಳೆಯ ಪಾಳಿ ಮುಗಿಯುತ್ತದೆ. ಅಲ್ಲಿಗೆ ಚಹಾದಂಗಡಿಯ ಎರಡೂ ಪಕ್ಷ ಮಾತು ಬದಲಿಸುತ್ತವೆ. ಬೆಳಗಿನ ಮೊದಲ ಬಸ್ಸಿನ ಕಿಟಕಿ ಗಾಜು ಇಬ್ಬನಿಗೆ ಮಸುಕಾಗಿರುತ್ತದೆ, ಚಾಲಕ ಚಿಂದಿ ಬಟ್ಟೆಯಿಂದ ಒರೆಸಿಕೊಳ್ಳುತ್ತ ನಿಧಾನ ಓಡಿಸುತ್ತಾನೆ. ರಸ್ತೆ ಅರ್ಧದ ಮೆಕ್ಕೆಜೋಳ ಅಷ್ಟರಲ್ಲಿ ಚೀಲ ಸೇರಿರುತ್ತದೆ, ತಾಡಪಾಲು ಮಡಚಿ ಅಟ್ಟ ಹತ್ತಿರುತ್ತದೆ. ಕಡಲೆ ಹೊಲದವರು ಮಾತ್ರ ರಾತ್ರಿ ಎದ್ದು ಹೊರಗೆ ಬಂದಾಗ ಇನ್ನೂ ಒಮ್ಮೆ ಚಂದ್ರನ ಸುತ್ತ ನೋಡಿ ಒಳಗೆ ಹೋಗುತ್ತಾರೆ.